ಭಾರತಮಾತೆಗೆ ಉಡಿ ತುಂಬಿದ ಶಾಂತವ್ವ

ಭಾರತಮಾತೆಗೆ ಯಾರಾದರೂ ಉಡಿ ತುಂಬಿದ್ದನ್ನು ನೋಡಿದ್ದೀರಾ? ನಾನು ಕಳೆದ ವಾರ ಸ್ವಾತಂತ್ರ್ಯ ದಿನದಂದು ಗೋವಾದ ಕೊರ್ತಾಲಿಮ್‌ನಲ್ಲಿ ನೋಡಿದೆ. ಆಮೇಲೆ ಆದದ್ದಕ್ಕೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ವೇದಿಕೆಯ ಮೇಲೆ ಕಾಲೇಜು ಹುಡುಗಿಯೊಬ್ಬಳು ಭಾರತಮಾತೆಯಾಗಿ ಕೂತಿದ್ದಳು. ತಲೆಗೆ ಕಿರೀಟ, ಕೈಯಲ್ಲಿ ಧ್ವಜ. (ಸೀರೆ ಪಣಜಿಯ ನಮ್ಮ ಅಂಗಡಿಯದು. ಅದಕ್ಕೇ ನನಗೆ ಮುಂದಿನ ಸಾಲಿನ ಕುರ್ಚಿ.) ಪಕ್ಕದಲ್ಲಿ ನಾಯಕರೊಬ್ಬರು ಮೈಕ್ ಹಿಡಿದು, ಈ ತಾಯಿಗೆ ಮಕ್ಕಳೆಲ್ಲ ಒಂದೇ ಎಂದು ಗಂಟಲು ಹರಿಯುವಂತೆ ಹೇಳುತ್ತಿದ್ದರು. ಚಪ್ಪಾಳೆಯೋ ಚಪ್ಪಾಳೆ. ನಾನೂ ತಟ್ಟಿದೆ.

ಭಾಷಣ ಮುಗಿದು ಆರತಿ ಶುರುವಾಯಿತು. ಸಾಲಿನಲ್ಲಿ ಶಾಂತವ್ವನೂ ಬಂದಳು. ವಿಜಯಪುರ ಕಡೆಯವಳು, ಇಲ್ಲಿ ಕಟ್ಟಡಗಳಿಗೆ ಇಟ್ಟಿಗೆ ಹೊರುತ್ತಾಳೆ. ಉಳಿದವರು ಹೂವು ಹಾಕಿ, ಸೆಲ್ಫಿ ತೆಗೆದುಕೊಂಡು ಇಳಿದರೆ, ಈಕೆ ಹುಡುಗಿಯ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ರವಿಕೆಯ ಖಣ ಹಾಕಿ ಉಡಿ ತುಂಬಿದಳು. ನಮ್ಮ ಉತ್ತರ ಕರ್ನಾಟಕದ ಕಡೆ ವೇಷ ಹಾಕಿದವರೂ ಆ ಹೊತ್ತಿಗೆ ದೇವಿಯೇ. ಉಡಿ ತುಂಬಿದ ಮೇಲೆ ದೇವಿಗೆ ಕಷ್ಟ ಹೇಳಿಕೊಳ್ಳುವುದು ಪದ್ಧತಿ. ಹೇಳಿಯೇಬಿಟ್ಟಳು.

“ಯವ್ವಾ, ಸೋಮವಾರ ನಮ್ಮ ಮನಿ ಕೆಡವತಾರಂತ. ನೋಟೀಸ್ ಬಂದೈತಿ. ಇಂಥಾ ಮಳ್ಯಾಗ ಮಕ್ಕಳನ್ನ ಕಟಗೊಂಡು ಎಲ್ಲಿ ಹೋಗೂದು? ಮಳಿ ನಿಲ್ಲೂತನಕರ ತಡೀರಿ ಅಂತ ಇವ್ರಿಗೆ ಹೇಳವ್ವ.”

‘ಇವರು’ ಎನಿಸಿಕೊಂಡ ನಾಯಕರು ಮೊಬೈಲ್ ನೋಡತೊಡಗಿದರು. ಹುಡುಗಿ, ಪಾಪ, ಉಡಿ ಗಟ್ಟಿಯಾಗಿ ಹಿಡಿದು ನಾಯಕರ ಮುಖವನ್ನೇ ನೋಡಿದಳು. ಸಂಘಟಕ (ನಮ್ಮ ಬೆಳಗಾವಿಯವನೇ) ಓಡಿ ಬಂದು ಶಾಂತವ್ವನ ರಟ್ಟೆ ಹಿಡಿದು ಕೆಳಗಿಳಿಸಿದ.

“ದೇಶದ ಹಬ್ಬದಾಗ ರಾಜಕೀಯ ಮಾಡಬ್ಯಾಡ.”

“ಜೈ ಅನ್ನಾಕ ಟೆಂಪೋದಾಗ ತುಂಬಕೊಂಡು ಬಂದ್ರಿ. ಕಷ್ಟ ಹೇಳಿದ್ರ ರಾಜಕೀಯ ಏನ್ರಿ?” ಆಕೆ ದನಿ ಏರಿಸಲಿಲ್ಲ.

ಎಂಥ ಕಳ್ಳಾಟ ನೋಡಿ. ತಾಯಿಯ ಹೆಸರಲ್ಲಿ ಓಟು ಕೇಳಿದರೆ ದೇಶಭಕ್ತಿ. ಅದೇ ತಾಯಿಯ ಮುಂದೆ ಬಡವಿಯೊಬ್ಬಳು ಸೂರು ಕೇಳಿದರೆ ರಾಜಕೀಯ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಈ ತಾಯಿಗೆ ಯಾರು ಮುದ್ದು ಅನ್ನುವುದನ್ನು ಮಾತ್ರ ವೇದಿಕೆ ಕಟ್ಟಿಸಿದವರು ತೀರ್ಮಾನಿಸುತ್ತಾರೆ. ಯಾರು ಕೊಟ್ಟರು ಇವರಿಗೆ ಆ ಅಧಿಕಾರ? ಮುಂದಿನ ಸಾಲಿನಲ್ಲಿ ಬಾಯಿ ಮುಚ್ಚಿ ಕೂತ ನನ್ನಂಥವರೇ ಕೊಟ್ಟಿದ್ದು. ಎದ್ದು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ನಾಚಿಕೆಯಾಗುತ್ತದೆ.

ಸೋಮವಾರ ಮಳೆಯಲ್ಲೇ ಶಾಂತವ್ವನ ಮನೆ ಕೆಡವಿದರು. ಈಗ ಆಕೆ ಮಕ್ಕಳೊಂದಿಗೆ ಕುಡಚಡೆಯಲ್ಲಿ ತಂಗಿಯ ಒಂದೇ ಕೋಣೆಯಲ್ಲಿದ್ದಾಳೆ.

ನಿನ್ನೆ ಸಂಘಟಕ ಅಂಗಡಿಗೆ ಬಂದಿದ್ದ. “ಮುಂದಿನ ವರ್ಷ ಭಾರತಮಾತಾ ಸುತ್ತ ಬ್ಯಾರಿಕೇಡ್ ಹಾಕಸ್ತೇವ್ರಿ ಸಾವ್ಕಾರ್ರ,” ಅಂದ.

ಯಾರಿಂದ ಕಾಪಾಡಲು, ಮಕ್ಕಳಿಂದಲೇ?