ತಳದ ಕಾಳು

ಸರ್ರ್… ತೊಗರಿ ಚೀಲಕ್ಕೆ ಟೊಳ್ಳು ಕಬ್ಬಿಣದ ಮೊನೆ ಚುಚ್ಚಿದರೆ ಕಾಳು ಅಂಗೈಗೆ ಸುರಿಯುವ ಆ ಸದ್ದು ಇಂದಿಗೂ ನನ್ನ ಕಿವಿಯಲ್ಲಿದೆ. ಚುಚ್ಚುತ್ತಿದ್ದವಳು ನನ್ನ ಸೋದರತ್ತೆ ಗುರಬಸವ್ವ. ನಿಜಾಮರ ಕಾಲದ ಆಳಂದದಲ್ಲಿ, ಗಂಡಸರೇ ತುಂಬಿದ, ಕಾಳುಕಡಿಯ ವ್ಯಾಪಾರ ಕುದುರಿಸುವ ಅಡತಿ ಅಂಗಡಿಯಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಲ್ಲುತ್ತಿದ್ದಳು. ಒಂದು ಕಾಳನ್ನು ಹಲ್ಲಿನಲ್ಲಿ ಕಟ್ಟೆಂದು ಒಡೆದು, “ಮ್ಯಾಲೆ ಛಲೋ ಹಾಕಿ ತಳಕ್ಕ ಹಸೀದು ತುಂಬೀರೇನ್ರಿ ಸಾವ್ಕಾರ್ರ? ನನ್ನ ಬಾಯಾಗ ಇನ್ನೂ ಹಲ್ಲವ!” ಎನ್ನುತ್ತಿದ್ದಳು.

ಒಮ್ಮೆ ನಾನು ಹೈದರಾಬಾದಿನ ಕಾನ್ವೆಂಟಿನಿಂದ ಹಾಲಿಡೇಸ್‌ಗೆ ಬಂದಿದ್ದೆ. ಮುಟ್ಟು ನಿಂತು ವರ್ಷಗಳೇ ಕಳೆದಿದ್ದ ಅತ್ತೆಗೆ ಮತ್ತೆ ರಕ್ತ ಕಂಡಿತು. ಓಣಿಯ ಹೆಂಗಸರಿಗೆ ಹಿಗ್ಗೋ ಹಿಗ್ಗು. ಹರೆಯ ಮರಳಿತೆಂದು ಹಸಿರು ಬಳೆ ತೊಡಿಸಿ ಉಡಿ ತುಂಬಿದರು. “ಮತ್ತ ತೊಟ್ಟಿಲ ಕಟ್ಟೂಣೇನ ಬೇ ಗುರಬಸವ್ವ?” ಎಂದು ಪಕ್ಕದ ಮನೆಯ ನೀಲವ್ವ ಕೀಟಲೆ ಮಾಡಿದಳು. ಅತ್ತೆ ನಕ್ಕಳು. ಅವರೆಲ್ಲ ಹೋದ ಮೇಲೆ ನನ್ನ ಕಡೆ ತಿರುಗಿ, “ನಾಳಿ ಸೊಲ್ಲಾಪುರಕ್ಕ ಹೋಗೂಣು. ನಿಂತದ್ದು ಸುಮ್ಮಸುಮ್ಮನ ಬರಂಗಿಲ್ಲ. ಒಳಗ ಏನದ ನೋಡಬೇಕು,” ಎಂದಳು.

ಅಲ್ಲಿಯ ಲೇಡಿ ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ನಾಚಿಕೊಳ್ಳುತ್ತಲೇ ಕನ್ನಡಕ್ಕೆ ತಂದೆ. ವಯಸ್ಸಿಗೆ ಗರ್ಭಕೋಶದ ಒಳಪದರ ತೆಳುವಾದರೂ ರಕ್ತ ಬರಬಹುದು, ಪಾಲಿಪ್ ಎಂಬ ಸಣ್ಣ ಗಂಟು ಬೆಳೆದರೂ ಬರಬಹುದು, ಕ್ಯಾನ್ಸರೂ ಇರಬಹುದು. ಹೊರಗಿನಿಂದ ಹೇಳಲಾಗದು. ಒಳಪದರವನ್ನು ಕೆರೆದು ತೆಗೆದು, ಮುಂಬಯಿಗೆ ಕಳಿಸಿ, ಮೈಕ್ರೋಸ್ಕೋಪಿನಲ್ಲಿ ನೋಡಿಸಬೇಕು.

ಅತ್ತೆಯ ಮುಖ ಬಿಳಿಚಿತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, “ಚೀಲ ಬಿಚ್ಚದಂಗ ಕಾಳು ತಗದು ನೋಡ್ತಾರ, ಅಷ್ಟ ಹೌದಲ್ಲ? ತಳದಿಂದನೂ ತಗೀರಿ ಅಂತ ಹೇಳು,” ಎಂದಳು. ನಾನು ಹೇಳಿದೆ. ಡಾಕ್ಟರು ಕನ್ನಡಕ ತೆಗೆದು ನಕ್ಕುಬಿಟ್ಟರು.

ರಿಪೋರ್ಟ್ ಬರುವವರೆಗೂ ಅವಳು ಅಂಗಡಿ ತಪ್ಪಿಸಲಿಲ್ಲ. ಹಲ್ಲಿಗಿಟ್ಟ ಕಾಳನ್ನು ಒಡೆಯಲು ಮರೆತು ನಿಂತದ್ದನ್ನು ಮಾತ್ರ ನಾನು ಕಂಡಿದ್ದೇನೆ. ಕೊನೆಗೆ ರಿಪೋರ್ಟ್ ಬಂತು: ಕ್ಯಾನ್ಸರೇ. ಆದರೆ ಇನ್ನೂ ಅರ್ಲಿ. ಆಪರೇಶನ್ ಮಾಡಿ ಗರ್ಭಕೋಶ ತೆಗೆದರು. ಬದುಕಿದಳು, ನನ್ನ ಅತ್ತೆ!

ಆಮೇಲೆ ಅಫಜಲಪುರ, ಜೇವರ್ಗಿಯ ಬೀಗರ ಮನೆಗಳಲ್ಲೂ ಅವಳದು ಒಂದೇ ಮಾತು: “ನಿಂತದ್ದು ಮತ್ತ ಕಂಡ್ರ ಹಸರ ಬಳಿ ಇಡಸ್ಕೋತ ಕೂಡಬ್ಯಾಡ್ರಿ, ದವಾಖಾನಿಗಿ ನಡೀರಿ.” ಗಂಡಸರು ಕೆಮ್ಮುತ್ತಾ ಎದ್ದು ಹೋಗುತ್ತಿದ್ದರು. ಅವಳು ದನಿ ತಗ್ಗಿಸುತ್ತಿರಲಿಲ್ಲ. ಐ ವಾಸ್ ಸೋ ಪ್ರೌಡ್.

ಅವಳನ್ನು ಕೊನೆಯ ಸಲ ಕಂಡದ್ದು ಮದುವೆಯಾಗಿ ನಾನು ಊರು ಬಿಟ್ಟ ದಿನ, ಆಳಂದದ ಬಸ್ ನಿಲ್ಲುವಲ್ಲಿ. ನನ್ನನ್ನು ಕಳಿಸಲು ಬಂದಿದ್ದಾಳೆ ಎಂದುಕೊಂಡೆ. ಅಲ್ಲ. ಹಿರೋಳ್ಳಿಯ ಹೆಂಗಸೊಬ್ಬಳನ್ನು ಸೊಲ್ಲಾಪುರದ ಬಸ್ಸಿಗೆ ಹತ್ತಿಸುತ್ತಿದ್ದಳು. ಆಕೆಯ ಕೈತುಂಬ ಹೊಸ ಹಸಿರು ಬಳೆ. “ಹತ್ತ ಬೇ, ಅಂಜಬ್ಯಾಡ. ನಾ ಹೋಗಿ ಬಂದೀನಿ, ಗಟ್ಟಿ ಇಲ್ಲೇನು?” ಆಕೆಯ ಹಿಂದೆಯೇ ಅತ್ತೆಯೂ ಹತ್ತಿದಳು. ಆ ಬಸ್ಸು ಹೊರಟಿತು. ಕಿಟಕಿಯಲ್ಲಿ ಅತ್ತೆ ನನ್ನತ್ತ ತಲೆಯಾಡಿಸಿದಳು, ಕೈ ಬೀಸಲಿಲ್ಲ. ಎರಡೂ ಕೈಗಳಲ್ಲಿ ಆಕೆಯ ಬಳೆಗೈ ಹಿಡಿದುಕೊಂಡಿದ್ದಳು.