ಐಮಂಗಲದ ಹತ್ತಿರ ಸುರಿದ ಎಣ್ಣೆ

ಸಾಹುಕಾರರ ಮೋಟಾರಿನ ಎಣ್ಣೆಯನ್ನು ಐಮಂಗಲದ ಹತ್ತಿರ ಮಣ್ಣಿಗೆ ಸುರಿದವನು ನಾನು. ಡ್ರೈವರ್ ತಿಪ್ಪಣ್ಣ ಎಣ್ಣೆ ನೋಡದೆ ಗಾಡಿ ಓಡಿಸಿದ, ಅದಕ್ಕೇ ಎಂಜಿನ್ನು ತಿರುಗದೆ ಹಿಡಿದುಕೊಂಡಿತು ಎಂದು ಚಿತ್ರದುರ್ಗದ ಪೇಟೆಯಲ್ಲಿ ಇಂದಿಗೂ ಹೇಳುತ್ತಾರಲ್ಲ — ಅದು ನಾನು ಹುಟ್ಟಿಸಿದ ಸುಳ್ಳು. ಎಂಜಿನ್ನು ಹಿಡಿದದ್ದು ನನ್ನ ಕೆಲಸದ ದೋಷದಿಂದ. ಅದು ನನಗೆ ಅಂದೇ ಗೊತ್ತಿತ್ತು.

ಇಷ್ಟು ಬರೆದು, ಎದ್ದು ಹೋಗಿ, ಬಾಗಿಲ ಚಿಲಕ ಹಾಕಿದೆಯೇ ಎಂದು ನೋಡಿ ಬಂದೆ. ನಾನು ಇರುವುದೇ ಹಾಗೆ. ಬಾವಿಗೆ ಕೊಡ ಇಳಿಸಿದರೆ ಮೇಲೆ ಬರುವ ತನಕ ಹಗ್ಗದ ಚಿಂತೆ, ಬಂದ ಮೇಲೆ ರಾಟೆಯ ಚಿಂತೆ. "ನಿಮ್ಗೆ ಚಿಂತೆ ಇಲ್ದಿದ್ರೆ ಎಲ್ಲಿ ಹೋತು ಅಂತ ಹುಡುಕ್ತೀರಿ" ಎನ್ನುತ್ತಾಳೆ ನನ್ನ ಹೆಂಡತಿ. ಆದರೆ ಯಾವುದಕ್ಕೆ ಹೆದರಬೇಕಿತ್ತೋ ಅದೊಂದನ್ನು ಬಿಟ್ಟು — ಇರಲಿ, ಮೊದಲಿನಿಂದ ಹೇಳುತ್ತೇನೆ.

ಆಗ ನಾನು ದುರ್ಗದಲ್ಲಿ ಮೋಟಾರು ಮೇಸ್ತ್ರಿ. ಅದಕ್ಕೆ ಮೊದಲು ಹತ್ತಿ ಮಿಲ್ಲಿನ ಎಂಜಿನ್ನು ನೋಡಿಕೊಳ್ಳುತ್ತಿದ್ದವನು. ಊರಿನಲ್ಲಿ ಮೋಟಾರುಗಳು ಕಡಿಮೆ, ಅವನ್ನು ಬಿಚ್ಚಿ ಕಟ್ಟಬಲ್ಲವರು ಇನ್ನೂ ಕಡಿಮೆ; ಹೀಗಾಗಿ ನಾನು ದೊಡ್ಡ ಮೇಸ್ತ್ರಿ ಎನಿಸಿಕೊಂಡದ್ದು. ಹತ್ತಿ ವ್ಯಾಪಾರದ ಸಾಹುಕಾರರೊಬ್ಬರು ಕಾಫಿ ತೋಟದ ಬಿಳಿ ದೊರೆಯೊಬ್ಬನಿಂದ ಒಂದು ಗಾಡಿ ಕೊಂಡಿದ್ದರು. ಇಬ್ಬರೇ ಕೂರುವಂಥದ್ದು, ನೆಲಕ್ಕೆ ಹತ್ತಿಕೊಂಡ ಹಾಗೆ ತಗ್ಗು, ಮೂತಿ ಉದ್ದ — ಓಟಕ್ಕೆಂದೇ ಮಾಡಿದ ಗಾಡಿ. ದೊರೆ ಅದನ್ನು ಚೆನ್ನಾಗಿಯೇ ಓಡಿಸಿ ಮುಗಿಸಿದ್ದ. ಸಿಲಿಂಡರುಗಳ ಒಳಮೈ ಸವೆದು ಗೀರು ಬಿದ್ದಿತ್ತು, ಹೊಗೆ ಒಲೆಯ ಹಾಗೆ ಬರುತ್ತಿತ್ತು. ಹಿರಿಯೂರಿನ ಇನ್ನೊಬ್ಬ ವರ್ತಕರ ಮೋಟಾರು ಒಮ್ಮೆ ದಾರಿಯಲ್ಲಿ ಇದನ್ನು ಹಿಂದೆ ಹಾಕಿ ಹೋಯಿತು.

"ಎಂಜಿನ್ನು ಪೂರ್ತಿ ಬಿಚ್ಚು ಮೇಸ್ತ್ರಿ. ಏನು ಬೇಕೋ ಬೆಂಗ್ಳೂರಿಂದ ತಗಂಬಾ. ಆವಯ್ಯನ ಧೂಳು ನಾನು ಇನ್ನೊಂದ್ಸಲ ಕುಡೀಬಾರ್ದು, ಅಷ್ಟೇ" ಎಂದರು ಸಾಹುಕಾರರು.

ಬೆಂಗಳೂರಿನ ಅಂಗಡಿಯಲ್ಲಿ ನಿಂತು ಆರಿಸಬೇಕಾಯಿತು. ಹೊಸ ಸಿಲಿಂಡರು ಬೇಕೆಂದರೆ ಹಡಗಿನಲ್ಲಿ ಬರಬೇಕು. ಸಾಹುಕಾರರಿಗೆ ಅಷ್ಟು ತಾಳ್ಮೆ ಇಲ್ಲ. ಹಳೆಯದನ್ನೇ ಕೊರೆದು ಅಗಲ ಮಾಡಿ, ಒಂದು ಅಳತೆ ದೊಡ್ಡ ಪಿಸ್ಟನ್ ಹಾಕುವುದೆಂದು ತೀರ್ಮಾನಿಸಿದೆ. ಅದು ತಪ್ಪಲ್ಲ. ಆಮೇಲೆ ಅಂಗಡಿಯವರು ಎರಡು ಬಗೆಯ ಪಿಸ್ಟನ್ ಮುಂದಿಟ್ಟರು. ಒಂದು ಬೀಡು ಕಬ್ಬಿಣದ್ದು, ನಾನು ಬಲ್ಲದ್ದು. ಇನ್ನೊಂದು ಆಗ ಹೊಸದಾಗಿ ಬರುತ್ತಿದ್ದ ಅಲ್ಯೂಮಿನಿಯಂನದು. ಎರಡು ಕೈಯಲ್ಲಿ ಎರಡನ್ನೂ ಹಿಡಿದು ತೂಗಿದೆ. ಆ ಹಗುರ! ಓಡುವ ಎಂಜಿನ್ನಿನಲ್ಲಿ ಮೇಲಕ್ಕೂ ಕೆಳಕ್ಕೂ ಹಾರುವ ವಸ್ತು ಇಷ್ಟು ಹಗುರವಿದ್ದರೆ — ಹಿರಿಯೂರಿನ ಮೋಟಾರು ಧೂಳಿನಲ್ಲಿ ಹಿಂದೆ ಬೀಳುವುದು ಅಲ್ಲೇ ಕಣ್ಣಿಗೆ ಕಂಡಿತು.

ಅಂಗಡಿಯವರು ಹೇಳಿದರು. ಹೇಳಲಿಲ್ಲ ಎನ್ನುವ ಹಾಗಿಲ್ಲ, ಎರಡು ಸಲ ಹೇಳಿದರು: "ಇದು ಬಿಸಿಯಾದ್ರೆ ಬೀಡಿಗಿಂತ ಜಾಸ್ತಿ ಹಿಗ್ಗುತ್ತೆ. ಸಿಲಿಂಡರಲ್ಲಿ ಸಡಿಲ ಜಾಸ್ತಿ ಬಿಡಿ. ತಣ್ಣಗಿದ್ದಾಗ ಕಟಕಟ ಅಂತ ಸದ್ದು ಮಾಡುತ್ತೆ, ಹೆದರಬೇಡಿ. ಕಾದ ಮೇಲೆ ತಾನೇ ಸುಮ್ಮನಾಗುತ್ತೆ."

ತಲೆಯಾಡಿಸಿದೆ. ಆ 'ಕಟಕಟ' ಮಾತ್ರ ದುರ್ಗದವರೆಗೂ ನನ್ನ ಕಿವಿಯಲ್ಲೇ ಪ್ರಯಾಣ ಮಾಡಿತು.

ಯಾಕೆಂದರೆ ಸಾಹುಕಾರರದೊಂದು ಪದ್ಧತಿ. ಎಂಜಿನ್ನು ಬಿಚ್ಚಿ ಕಟ್ಟಿದ ಮೇಲೆ ಅಂಗಡಿಯ ಮುಂದೆ ಮೋಟಾರಿಗೆ ಪೂಜೆ. ತೆಂಗಿನಕಾಯಿ ಒಡೆದಾದ ಮೇಲೆ, ಕಂಠದ ತನಕ ನೀರು ತುಂಬಿದ ತಾಮ್ರದ ಚೊಂಬನ್ನು ಮೋಟಾರಿನ ಮೂತಿಯ ಮೇಲಿಟ್ಟು ಎಂಜಿನ್ನು ಶುರು ಮಾಡಿಸುತ್ತಿದ್ದರು. ನೀರು ತುಳುಕಬಾರದು, ಸದ್ದು ಕೇಳಬಾರದು. ಪೇಟೆಯೆಲ್ಲ ಸೇರಿ ಚೊಂಬನ್ನು ನೋಡುತ್ತಿತ್ತು, ನನ್ನ ಮುಖವನ್ನೂ. ಪೂಜೆಯ ಹೊತ್ತಿಗೆ ಎಂಜಿನ್ನು ತಣ್ಣಗಿರುತ್ತದೆ. ಅಂದರೆ ಕಟಕಟ. ಅಂದರೆ ಅಪಶಕುನ. ಅಂದರೆ 'ಮೇಸ್ತ್ರಿ ಕೈ ಕೆಟ್ಟಿತು'.

ಮಿಲ್ಲಿನ ಲೇತಿನಲ್ಲಿ ಸಿಲಿಂಡರ್ ಕೊರೆದದ್ದು ನಾನೇ. ಬೀಡಿನ ಪಿಸ್ಟನ್‌ಗೆ ನಮ್ಮ ಪರೀಕ್ಷೆ ಹೀಗೆ: ಎಣ್ಣೆ ಸವರಿ ಸಿಲಿಂಡರಿನ ಬಾಯಿಗಿಟ್ಟು ಕೈ ಬಿಟ್ಟರೆ, ಹಸು ಮೊಣಕಾಲೂರಿ ಮಲಗುವಷ್ಟು ನಿಧಾನವಾಗಿ ಅದು ಒಳಗಿಳಿಯಬೇಕು. ಅಲ್ಯೂಮಿನಿಯಂನದೂ ಹಾಗೆಯೇ ಇಳಿಯಿತು. ಅಲ್ಲಿಗೆ ನಿಲ್ಲಿಸಬಾರದಿತ್ತು. ಇನ್ನೂ ಒಂದಿಷ್ಟು ತೆಗೆಯಬೇಕು, ಇದು ಆ ಜಾತಿಯ ಪಿಸ್ಟನ್ ಅಲ್ಲ — ಗೊತ್ತಿತ್ತು. ಲೇತಿನ ಮೇಲೆ ಕೈಯಿಟ್ಟು ನಿಂತೆ. ಅಂಗಡಿಯವರು ಹೆಚ್ಚಿಗೇ ಹೇಳಿರುತ್ತಾರೆ, ದೂರು ಬರದಿರಲಿ ಅಂತ… ಹೀಗೆ ಏನೇನೋ ಹೇಳಿಕೊಂಡೆ. ಆಮೇಲೆ ಲೇತು ನಿಲ್ಲಿಸಿದೆ.

ಪೂಜೆಯ ದಿನ ಚೊಂಬಿನಿಂದ ಒಂದು ಹನಿ ತುಳುಕಲಿಲ್ಲ. ಸಾಹುಕಾರರು ಕಿವಿ ಹತ್ತಿರ ತಂದರು.

"ಲೇ ತಿಪ್ಪಣ್ಣ, ಶುರು ಆಗೈತೇನಲೇ?"

"ಆಗೈತ್ರಿ ಸಾವ್ಕಾರ್ರೆ. ನಂಬ್ಕೆ ಇಲ್ದಿದ್ರೆ ಹಿಂದೆ ಹೋಗಿ ಹೊಗೆ ಕುಡೀರಿ!"

ಜನ ನಕ್ಕರು. ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ.

ತಿಪ್ಪಣ್ಣ ಹೊಸದುರ್ಗದ ಕಡೆಯ ಕುರುಬರ ಹುಡುಗ. ಆಗ ಮದುವೆಯಾಗಿ ವರ್ಷವಾಗಿತ್ತು. ಅವನ ಬಳಗದಲ್ಲಿ ಮೋಟಾರಿನ ಚಕ್ರ ಹಿಡಿದವನು ಅವನೊಬ್ಬನೇ. ದಾರಿಗೆ ಕುರಿಮಂದೆ ಅಡ್ಡ ಬಂದರೆ ಹಾರನ್ ಒತ್ತುತ್ತಿರಲಿಲ್ಲ. ಇಳಿದು ನಾಲಿಗೆಯಲ್ಲಿ ಅದೇನೋ ಸದ್ದು ಹೊರಡಿಸುತ್ತಿದ್ದ, ಮಂದೆ ಎರಡು ಪಾಲಾಗಿ ದಾರಿ ಬಿಡುತ್ತಿತ್ತು. ಅಂದು ಹೊರಡುವ ಮುಂಚೆ ಎಣ್ಣೆಯ ಕಡ್ಡಿ ಎಳೆದು, ರುಮಾಲಿನ ಚುಂಗಿನಲ್ಲಿ ಒರೆಸಿ, ಮತ್ತೆ ಅದ್ದಿ ತೆಗೆದು ನನಗೆ ತೋರಿಸಿದ: "ಮಟ್ಟಕ್ಕೈತೆ ಮೇಸ್ತ್ರಿ. ಹೋಗಾಣ?" ನಾನು ಕಣ್ಣಾರೆ ನೋಡಿದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಹಿರಿಯೂರಿನ ಪೇಟೆಗೆ ಹೋಗಿ ಆ ವರ್ತಕರ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಎಂದು ಸಾಹುಕಾರರ ಅಪ್ಪಣೆ. ತಾವು ತಮ್ಮ ಇನ್ನೊಂದು ಹಳೆಯ ಮೋಟಾರಿನಲ್ಲಿ ಹಿಂದಿನಿಂದ ಬರುವುದಾಗಿ ಹೇಳಿದರು. ತಿಪ್ಪಣ್ಣ ಚಕ್ರ ಹಿಡಿದ, ನಾನು ಪಕ್ಕದಲ್ಲಿ ಕೂತೆ. ಗಾಡಿ ಹಾರಿತು. ದಾರಿಯುದ್ದಕ್ಕೂ ಟೈರು, ಎದುರಿನ ಎತ್ತಿನ ಗಾಡಿ, ನನ್ನ ಟೊಪ್ಪಿಗೆ, ಎಲ್ಲದರ ಚಿಂತೆಯನ್ನೂ ಕ್ರಮವಾಗಿ ಮಾಡಿದೆ.

ಐಮಂಗಲ ಸಮೀಪಿಸುವಾಗ ಮುಂದೆ ಧೂಳು ಕಂಡಿತು. ಹಿರಿಯೂರಿನವರ ಮೋಟಾರೇ! ತಿಪ್ಪಣ್ಣ ಹಲ್ಲುಬಿಟ್ಟು ವೇಗ ಏರಿಸಿದ. ಅಷ್ಟರಲ್ಲಿ ಎಂಜಿನ್ನಿನ ದನಿ ಬದಲಾಯಿತು. ಅದು ನನ್ನ ಕಿವಿಗೆ ಮೊದಲು ಬಿತ್ತು — ಉಸಿರು ಬಿಗಿಹಿಡಿದವರ ದನಿ. ಕಾದ ಲೋಹದ ವಾಸನೆ.

"ಮೇಸ್ತ್ರಿ, ಯಾಕೋ ಎಳೆತ ಕಮ್ಮಿ ಆತು. ನಿಲ್ಲಿಸ್ಲಾ?"

ನಿಲ್ಲಿಸಿ ಆರಲು ಬಿಟ್ಟಿದ್ದರೆ ಮೂವರೂ ಉಳಿಯುತ್ತಿದ್ದೆವು: ಅವನು, ಎಂಜಿನ್ನು, ನಾನು. ಆದರೆ ಹಿಂದೆ ಸಾಹುಕಾರರು ಬರುತ್ತಿದ್ದಾರೆ. ಯಾಕೆ ನಿಂತಿತು ಎಂದು ಕೇಳುತ್ತಾರೆ.

"ಹೊಸದಲ್ವಾ, ಸ್ವಲ್ಪ ಬಿಗಿ ಇರ್ತೈತೆ. ಹೊಡಿ" ಎಂದೆ.

ಅವನು ನನ್ನನ್ನು ನಂಬಿ ಹೊಡೆದ.

ಹಿಂದಿನ ಚಕ್ರಗಳು ಏಕಾಏಕಿ ಕಚ್ಚಿ ನಿಂತವು. ಗಾಡಿ ಅಡ್ಡ ತಿರುಗಿ ದಾರಿ ಪಕ್ಕದ ತಗ್ಗಿಗೆ ಮೂತಿ ಊರಿತು. ನಾನು ಜಾಲಿಯ ಪೊದೆಗೆ ಹಾರಿ ಬಿದ್ದೆ. ಮುಳ್ಳಿನ ಹೊರತು ಏನೂ ಆಗಲಿಲ್ಲ. ಸ್ಟಿಯರಿಂಗ್ ಚಕ್ರ ಬಿಡದೆ ಹಿಡಿದಿದ್ದ ತಿಪ್ಪಣ್ಣನ ಬಲ ಮಣಿಕಟ್ಟು, ಆ ಚಕ್ರ ತಿರುಚಿದ ರಭಸಕ್ಕೆ ಮುರಿದು ಜೋತುಬಿತ್ತು. ಎದುರಿಗೆ ಬಂದ ಎತ್ತಿನ ಗಾಡಿಯವರು ಅವನನ್ನು ಮಲಗಿಸಿಕೊಂಡು ಹಿರಿಯೂರಿನ ಆಸ್ಪತ್ರೆಯ ಕಡೆ ಹೊರಟರು. "ಮೋಟಾರು ಹೆಂಗೈತೆ ಮೇಸ್ತ್ರಿ?" ಎಂದು ಕೇಳುತ್ತಲೇ ಹೋದ.

ನಾನೊಬ್ಬನೇ ಉಳಿದೆ. ಸುಡುವ ಬಿಸಿಲು, ಸಾಹುಕಾರರು ಇನ್ನೂ ಬಂದಿಲ್ಲ. ಎಂಜಿನ್ನಿನ ಕೈಹಿಡಿಕೆ ತಿರುವಲು ನೋಡಿದೆ; ಅಲುಗಲಿಲ್ಲ. ಕಾರಣ ತಿಳಿಯಲು ಬಿಚ್ಚಬೇಕಾಗಿರಲಿಲ್ಲ: ಕಾದು ಹಿಗ್ಗಿದ ಪಿಸ್ಟನ್ ಸಿಲಿಂಡರನ್ನು ಕಚ್ಚಿಕೊಂಡಿತ್ತು. ಎಣ್ಣೆಯ ಕಡ್ಡಿ ಎಳೆದೆ — ಎಣ್ಣೆ ಮಟ್ಟಕ್ಕಿತ್ತು, ತಿಪ್ಪಣ್ಣ ತೋರಿಸಿದಷ್ಟೇ. ಆ ಕಡ್ಡಿಯನ್ನು ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ. ಆಮೇಲೆ ಪಾನಾ ತೆಗೆದುಕೊಂಡು ಗಾಡಿಯ ಅಡಿಗೆ ನುಗ್ಗಿ, ಎಣ್ಣೆ ಇಳಿಸುವ ಕೆಳಗಿನ ಬಿರಡೆ ಬಿಚ್ಚಿದೆ. ಕಾದ ಎಣ್ಣೆ ಕೈ ಸುಟ್ಟಿತು. ಹರಿದು ಮುಗಿಯಲು ಎಷ್ಟೊಂದು ಹೊತ್ತು… ಪ್ರತಿ ಕ್ಷಣವೂ ದಾರಿಯ ಆ ಕೊನೆಯಲ್ಲಿ ಧೂಳು ಎದ್ದ ಹಾಗೆ. ಬಿರಡೆ ಬಿಗಿದು, ಕಡ್ಡಿಯನ್ನು ಒರೆಸಿಟ್ಟು, ನೆನೆದ ನೆಲದ ಮೇಲೆ ಒಣಮಣ್ಣು ಎಳೆದು, ಎದ್ದು ನಿಂತೆ. ಸುಟ್ಟ ಕೈಗೆ ಮರುಕಪಡುವವರೂ ಸಿಕ್ಕರು ಆಮೇಲೆ.

ಸಾಹುಕಾರರು ಬಂದರು. "ಏನಾತಪ್ಪಾ?"

"ಎಣ್ಣೆ ಇರಲಿಲ್ಲ ಸಾವ್ಕಾರ್ರೆ."

ಇಷ್ಟೇ ನಾನು ಆಡಿದ್ದು. ಕಡ್ಡಿ ಎಳೆದು ತೋರಿಸಿದೆ, ಒಣಗಿತ್ತು. ಎಣ್ಣೆ ನೋಡುವುದು ಡ್ರೈವರನ ಕೆಲಸ ಎಂಬುದನ್ನು ಯಾರೂ ಅವರಿಗೆ ಹೇಳಿಕೊಡಬೇಕಿರಲಿಲ್ಲ.

ಆಸ್ಪತ್ರೆಯಲ್ಲಿ ಅವರು ತಿಪ್ಪಣ್ಣನ ಮೇಲೆ ಕೂಗಾಡಿದರು. ಅವನು ನನ್ನ ಕಡೆ ತಿರುಗಿದ. "ನೋಡಿದ್ದೆ ಅನ್ಸುತ್ತಲ್ಲ ಮೇಸ್ತ್ರಿ… ಕಡ್ಡಿ ಎಳೆದು ಒರೆಸಿದ್ನಲ್ಲ… ನೀವೂ ಅಲ್ಲೇ ಇದ್ರಿ?"

"ನಾನು ಗಮನಿಸ್ಲಿಲ್ಲಪ್ಪ" ಎಂದೆ.

ಅವನ ಕೆಲಸ ಹೋಯಿತು. ಎಣ್ಣೆ ನೋಡದ ಡ್ರೈವರ್ ಎಂಬ ಹೆಸರು ಅವನಿಗಿಂತ ಮುಂಚೆ ಊರೂರು ತಲುಪಿತು. ಯಾರೂ ಮತ್ತೆ ಮೋಟಾರು ಕೊಡಲಿಲ್ಲ. ನಾನು ಬೀಡಿನ ಪಿಸ್ಟನ್ ಹಾಕಿ ಎಂಜಿನ್ನನ್ನು ಮತ್ತೆ ಕಟ್ಟಿದೆ. ಹಾಳಾದದ್ದನ್ನು ಬದುಕಿಸಿದ ಮೇಸ್ತ್ರಿ ಎಂದು ಸಾಹುಕಾರರು ಶಾಲು ಹೊದಿಸಿದರು. ಹೊದ್ದುಕೊಂಡೆ.

ಹೋದ ತಿಂಗಳು ಹೊಸದುರ್ಗಕ್ಕೆ ಅಕ್ಕಿ ಮಿಲ್ಲಿನ ಕೆಲಸಕ್ಕೆ ಹೋಗಿದ್ದೆ. ಸಂತೆಯಲ್ಲಿ ತೆಂಗಿನಕಾಯಿ ಹೇರಿದ ಎತ್ತಿನ ಗಾಡಿಯ ಚಕ್ರದ ಪಕ್ಕ ಒಬ್ಬ ಕುಕ್ಕರುಗಾಲಿನಲ್ಲಿ ಕೂತು ಎಡಗೈಯಿಂದ ಕೀಲೆಣ್ಣೆ ಬಳಿಯುತ್ತಿದ್ದ. ತಲೆಯೆತ್ತಿದ. ತಿಪ್ಪಣ್ಣ. ತಲೆ ನರೆತಿತ್ತು, ಬಲಗೈ ಸೊಟ್ಟಗೆ ಕೂಡಿಕೊಂಡಿತ್ತು.

"ಮೇಸ್ತ್ರಿ! ಬರ್ರಿ, ಬರ್ರಿ, ಕುಂತ್ಕಳ್ರಿ!" ಎಡಗೈಯಲ್ಲೇ ಎಳನೀರು ಕೆತ್ತಿ ಕೊಟ್ಟ.

ಪಕ್ಕದ ಗಾಡಿಯವನು ಚುಡಾಯಿಸಿದ: "ಇವನ ಗಾಡಿಗೆ ದಿನಾ ಅಭ್ಯಂಜನ ನೋಡ್ರಿ. ಅಷ್ಟು ಎಣ್ಣೆ ನಮ್ಗೆ ದೀಪಾವಳಿಗೂ ಇಲ್ಲ."

ತಿಪ್ಪಣ್ಣ ನಗಲಿಲ್ಲ. "ಹಾಕಿರ್ತೀನಿ ಮೇಸ್ತ್ರಿ, ಆದ್ರೂ ಹಾಕಿಲ್ವೇನೋ ಅನ್ಸುತ್ತೆ. ಅರ್ಧ ದಾರೀಲಿ ಎತ್ತು ನಿಲ್ಸಿ, ಇಳಿದು, ಕೀಲಿಗೆ ಬೆರಳು ಹಾಕಿ ನೋಡ್ತೀನಿ." ಆಮೇಲೆ ದನಿ ತಗ್ಗಿಸಿ, "ಅವತ್ತು ನಿಮ್ಮ ಕೆಲ್ಸ ನಾನು ಹಾಳು ಮಾಡ್ದೆ. ನಿಮ್ಮ ಜೀವಾನೂ ಹೋಗ್ತಿತ್ತು. ತಪ್ಪಾತು ಮೇಸ್ತ್ರಿ, ಮನಸ್ನಾಗೆ ಇಟ್ಕಬ್ಯಾಡ್ರಿ" ಎಂದ.

ಕಣ್ಣಾರೆ ನೋಡಿದ ಎಣ್ಣೆಯನ್ನು ಅವನು ನನ್ನ ಮಾತಿಗಾಗಿ ಬಿಟ್ಟುಕೊಟ್ಟಿದ್ದ. ನನಗಿರುವ ಚಿಂತೆಯ ಕಾಯಿಲೆ ನನ್ನೊಬ್ಬನದೇ ಎಂದುಕೊಂಡಿದ್ದೆ. ನೆಮ್ಮದಿಯಾಗಿದ್ದ ಒಬ್ಬನಿಗೆ ಅದನ್ನು ಅಂಟಿಸಿ ಬಂದಿದ್ದೆ.

ಆಗ ನಾನು ಏನು ಮಾಡಿದೆ ಗೊತ್ತೆ? ಎಳನೀರು ಕುಡಿದೆ. "ಆಗಿದ್ದಾತು ಬಿಡಪ್ಪ" ಎಂದೆ. ಅವನನ್ನು ಕ್ಷಮಿಸಿ ಬಂದೆ.

ಆ ದಿನದಿಂದ ಈ ಬರವಣಿಗೆ. ತಿಪ್ಪಣ್ಣನಿಗೆ ಓದು ಬಾರದು. ಬರೆದು ಕಳಿಸಿ ಕೈತೊಳೆದುಕೊಳ್ಳುವ ಹಾಗಿಲ್ಲ, ಅದೂ ಒಳ್ಳೆಯದೇ. ಬರುವ ಸಂತೆಗೆ ಹೊಸದುರ್ಗಕ್ಕೆ ಹೋಗುತ್ತೇನೆ, ಅಲ್ಲಿಂದ ದುರ್ಗಕ್ಕೆ ಬಂದು ಸಾಹುಕಾರರ ಅಂಗಡಿಯ ಮುಂದೆ ನಿಂತು ಪೇಟೆಗೂ ಇದನ್ನೇ ಹೇಳುತ್ತೇನೆ. ದಾರಿಯಲ್ಲಿ ಬಸ್ಸು ಕೆಟ್ಟರೆ ಎಂಬ ಚಿಂತೆ ಈಗಲೇ ಶುರುವಾಗಿದೆ, ಕೆಟ್ಟರೆ ನಡೆಯುತ್ತೇನೆ. ತಿಪ್ಪಣ್ಣ ಬೈಯಲಿ, ಕೈ ಮಾಡಲಿ, ಎದ್ದು ಹೋಗಲಿ, ಅದು ಅವನಿಗೆ ಬಿಟ್ಟದ್ದು. ನಾನು ಹೇಳಬೇಕಾದದ್ದನ್ನು ಪಕ್ಕದ ಗಾಡಿಯವನಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಬೇಕು:

ಎಣ್ಣೆ ಇತ್ತು, ತಿಪ್ಪಣ್ಣ. ನೀನು ನೋಡಿದ್ದೆ.