“ಹೊಡೀತಾರ” ಅಂದಾಗ ನಾ ನಕ್ಕದ್ದು

ನೀಲವ್ವ ಕಾಕು, ನಿಮ್ಮ ಮಾತು ಕೇಳಿ ನಾ ನಕ್ಕೆ. ಬರೇ ನಕ್ಕಿದ್ರ ಹೋಗ್ಲಿ — ಮಂದೀನೂ ನಗಿಸಿದೆ. “ಇಲ್ಲ” ಅಂತ ಬರಕೊಂಡು ಎದ್ದು ಬಂದೆ. ಇವತ್ತಿನ ತನಕ ಯಾರ ಮುಂದೂ ಬಾಯಿ ಬಿಟ್ಟಿಲ್ಲ.

ನನ್ನ ಕೆಲಸ ನಿಮಗ ಗೊತ್ತೈತಿ. ಪಾರ್ಕಿನ್ಸನ್ ರೋಗದವ್ರು, ಕೈ ನಡಗವ್ರು, ಮೈ ಬಿಗಿಯವ್ರು — ಅವ್ರ ನಿದ್ದಿ ಎಷ್ಟು ಕೆಟ್ಟೈತಿ ಅಂತ ಕೇಳಿ ಡಾಕ್ಟರ್ ಮೇಡಂಗ ಒಪ್ಪಿಸೂದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ — ಬೈಕ್ ಮ್ಯಾಲ ತಿರಗೂದ ತಿರಗೂದು. ಕೊರಳಾಗ ಐಡಿ ಕಾರ್ಡ್ ಬಿದ್ದಕೂಡ್ಲೆ ಅರ್ಧ ಡಾಕ್ಟರ್ ಆಗಿಬಿಟ್ಟಿದ್ದೆ. ಸಿಂದಗ್ಯಾಗ ಒಬ್ಬ ಅಜ್ಜಗ ನಿದ್ದಿ ಬಗ್ಗೆ ಕೇಳ್ತಾ ಕೇಳ್ತಾ ನಾನ ಗ್ವಾಡಿಗೆ ಒರಗಿ ಗೊರಕಿ ಹೊಡದೆ. ಅಜ್ಜ ಎಬ್ಬಿಸಲಿಲ್ಲ, ಚಾದರ ಹೊಚ್ಚಿದ. ಅಂಥಾ ಶ್ಯಾಣ್ಯಾ ನಾ.

ಇಂಗಳೇಶ್ವರಕ್ಕ ಬಂದಾಗ ನಿಮ್ಮ ಕಟ್ಟಿ ಮ್ಯಾಲ ಓಣಿ ಹೆಣ್ಣಮಕ್ಕಳು ಕುಂತಿದ್ರು. ನಿಮ್ಮ ಯಜಮಾನ್ರು ಶಿವಪ್ಪ ಕಾಕಾ ಒಳಗಿದ್ರು. “ಕಾಕಾ ಕನಸಿನ್ಯಾಗ ಕೈಕಾಲು ಝಾಡಸ್ತಾರೇನ್ರಿ?” ಅಂದೆ.

“ಕನಸು ಗಿನಸು ನನಗೇನ ತಿಳೀಬೇಕೋ ತಮ್ಮಾ,” ಅಂದ್ರಿ ನೀವು, ಸಣ್ಣ ದನಿಲೆ. “ಮಲಗಿದ್ರಂದ್ರ ಹೊಡೀತಾರ.”

“ಹೊಡಿಯೂ ರೋಗ ನಮ್ಮಪ್ಪಗೂ ಐತಿ ಕಾಕು,” ಅಂದೆ ನಾ. “ ಅವಗ ನಿದ್ದೀನೂ ಬ್ಯಾಡ, ಸಾರಿಗೆ ಉಪ್ಪ ಕಡಿಮಿ ಆದ್ರ ಸಾಕು.”

ಕಟ್ಟಿ ತುಂಬ ನಗಿ. ನೀವೂ ನಕ್ಕಂಗ ಮಾಡಿ ಸೆರಗು ಗದ್ದದ ತನಕ ಎಳಕೊಂಡ್ರಿ. ಅಲ್ಲಿ ಕಪ್ಪಗಾಗಿತ್ತು. ನೋಡಿದ್ದೆ ಕಾಕು. ನೋಡಿ ಸೈತ ಫಾರ್ಮಿನ್ಯಾಗ “ಇಲ್ಲ” ಅಂತ ಬರದೆ.

ಆಮ್ಯಾಲ ಮೇಡಂ ಬಿಡಿಸಿ ಹೇಳಿದ್ರು. ಈ ರೋಗದಾಗ ಕೆಲವ್ರು ಕನಸು ಕಂಡಂಗನ ಕೈ ಬೀಸ್ತಾರ, ಎಚ್ಚರ ಇರೂದಿಲ್ಲ, ಔಷಧಾನೂ ಐತಿ. ತರಬೇತ್ಯಾಗ ಮೊದಲ ಹೇಳಿದ್ರಂತ — ಅವಾಗ ನಾ ಹಿಂದಿನ ಸಾಲಿನ್ಯಾಗ ಮಂದಿ ನಗಸಾಕತ್ತಿದ್ದೆ.

ಎರಡನೇ ಸಲ ಬಂದಾಗ ಕಾಕಾನ ಮುಂಗೈ ಮ್ಯಾಲ ಹಗ್ಗದ ಗೆರಿ. “ಮದುವ್ಯಾದಾಗಿಂದ ಆಕಿ ಮ್ಯಾಲ ಕೈ ಎತ್ತಿಲ್ಲೋ. ಈಗ ನನ್ನೊಳಗ ಏನ ಹೊಕ್ಕೈತೋ ಏನೋ. ಮಲಗೂ ಮುಂದ ಕಟ್ಟಿಬಿಡು ಅಂತ ನಾನ ಹೇಳೇನಿ,” ಅಂದ್ರು. ಮೈ ಬಿಗದು ಮೊದಲ ಮಗ್ಗಲಾ ಹೊರಳಾಕ ಬರೂದಿಲ್ಲ ಅವ್ರಿಗೆ, ಮ್ಯಾಲ ಹಗ್ಗ ಬ್ಯಾರೆ.

ರೋಗ ಐತ್ರಿ ಕಾಕಾ, ನಿಮ್ಮ ತಪ್ಪಲ್ಲ ಅಂದೆ. ಕಾಕಾ ನನ್ನ ಕೈ ಹಿಡಕೊಂಡು ಅತ್ರು. “ನೀ ಬಂದಿ ಅಂತ ತಿಳೀತು,” ಅಂದ್ರು. ನೀವು ಬಾಗಲದಾಗ ನಿಂತಿದ್ರಿ. ಮೊದಲ ಹೇಳಿದವ್ರು ನೀವು. ಕಾಕಾನ ಹೊಗಳಿಕಿ ಮಾತ್ರ ನಾ ಇಟಗೊಂಡೆ.

ಅವತ್ತಿಂದ ಊರೂರಿನ ನಿದ್ದಿ ಕೇಳಾಂವಗ ನಿದ್ದಿ ಹತ್ತವಲ್ದು. ನಾಳೆ ಬರ್ತೇನಿ. ಕಾಕಾನ ಎದುರಿಗೆ ಕುಂತು ಹೇಳ್ತೇನಿ: ನೀಲವ್ವ ಕಾಕು ಮೊದಲ ದಿನಾನ ಹೇಳಿದ್ರು, ಕೇಳಲಾರದಾಂವ ನಾ.